ಓದಿದರೆ ಇದ್ದಾರೆ, ಕೇಳಿದರೆ ಇಲ್ಲ

"ಹಸಿರು ತೋರಿಸ್ತು, ಕಂಪ್ಯೂಟರಮ್ಮ. ಈ ಎರಡು ಕಣ್ಣಲ್ಲೇ ನೋಡಿದ್ದೀನಿ. ಹೋಗಿ ಕನ್ನಡಕ ಬದಲಾಯಿಸ್ಕೊಳ್ಳಿ ಅಂತ ಮಾತ್ರ ಹೇಳ್ಬೇಡಿ."

ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಲಾಂಡ್ರಿಗೆ ಗೋಡೆ ಹಂಚಿಕೊಂಡಿದ್ದ ಆ ಕೋಣೆಗೆ ಅವರು ತಾವಾಗಿ ಇಳಿದು ಬಂದವರೇ ಅಲ್ಲ. ಕೆಲಸವಿದ್ದರೆ ಫೋನು ಮಾಡಿ, ಬೈದು, ಇಟ್ಟುಬಿಡುವ ಜಾಯಮಾನ ಅವರದು. ಇವತ್ತು ಕೈಯಲ್ಲಿ ಸ್ಟೀಲಿನ ಟ್ರೇ ಹಿಡಿದುಕೊಂಡೇ ಬಂದಿದ್ದರು. ಟ್ರೇಯಲ್ಲಿ ಔಷಧ ತುಂಬಿದ, ಇನ್ನೂ ಯಾರಿಗೂ ಚುಚ್ಚದ ಒಂದು ಸಿರಿಂಜು ಆಚೆಗೂ ಈಚೆಗೂ ಉರುಳುತ್ತಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಅವಳು ತಲೆಯೆತ್ತಿ ಆ ಸಿರಿಂಜನ್ನು ನೋಡಿದಳು.

"ಯಾರಿಗೆ?"

"ನಮ್ಮ ಡ್ರೈವರ್ ತಾತನಿಗೆ. ಮೂವತ್ತು ವರ್ಷ ಬಸ್ಸು ಓಡಿಸಿ ಈಗ ನನ್ನ ತಲೆ ಮೇಲೆ ಓಡಿಸ್ತಿದ್ದಾನಲ್ಲ, ಅವನಿಗೆ. ಪೆನಿಸಿಲಿನ್ ಆಗಲ್ಲ, ಒಂದ್ಸಲ ಮುಖ ಕುಂಬಳಕಾಯಿ ಆಗಿತ್ತು ಅಂತ ಕಸ ಗುಡಿಸೋರಿಗೂ ಕತೆ ಹೇಳಿದ್ದಾನೆ. ನಾನು ಕೇಳಿಸಿಕೊಂಡಿದ್ದೆ, ಅವನು ಬಚಾವಾದ. ಇಲ್ಲದಿದ್ರೆ ಇಷ್ಟು ಹೊತ್ತಿಗೆ…"

ಟ್ರೇಯನ್ನು ಅವಳ ಮೇಜಿನ ಮೇಲಿಟ್ಟರು.

ಆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ರೋಗಿಯ ಕೈಪಟ್ಟಿಗೆ ಒಂದು ಪುಟ್ಟ ಯಂತ್ರ ತೋರಿಸುತ್ತಾರೆ, ಆಮೇಲೆ ಔಷಧದ ಚೀಟಿಗೆ. ಆ ಔಷಧ ಆ ಮೈಗೆ ಆಗದಿದ್ದರೆ ಪರದೆ ಕೆಂಪಾಗುತ್ತದೆ, ಆಗುವುದಾದರೆ ಹಸಿರು. ಅದರ ಪ್ರೋಗ್ರಾಮನ್ನೆಲ್ಲ ಬರೆದವಳು ಅವಳೇ. ಯಾವ ಕಾಲೇಜಿಗೂ ಹೋಗದೆ, ಇದೇ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಮಾತ್ರೆ ಎಣಿಸಿಕೊಂಡಿದ್ದವಳು ನಿವೃತ್ತ ಮೇಷ್ಟ್ರೊಬ್ಬರ ಬೆನ್ನುಬಿದ್ದು ಕಲಿತ ವಿದ್ಯೆ. ಮೇಷ್ಟ್ರು ಪಾಠ ಬಿಟ್ಟಮೇಲೆ ಹೊತ್ತು ಹೋಗದೆ ತಮ್ಮದೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಆ ಭಾಷೆಯಲ್ಲಿ ಅನ್ನಕ್ಕೆ ದಾರಿಯಾಗುವಷ್ಟು ಬರೆದ ಮನುಷ್ಯಪ್ರಾಣಿ ಭೂಮಿಯ ಮೇಲೆ ಇವಳೊಬ್ಬಳೇ ಎಂದು ಇಬ್ಬರೂ ನಗುತ್ತಿದ್ದರು.

ಅವಳು ತನ್ನ ಮೇಜಿನ ಯಂತ್ರದಲ್ಲಿ ತಾತನ ಸಂಖ್ಯೆ ಹಾಕಿ ಔಷಧದ ಹೆಸರು ಕೊಟ್ಟಳು. ಪರದೆ ಕೆಂಪಾಯಿತು.

"ನೋಡಿ ಸಿಸ್ಟರ್, ಕೆಂಪು."

"ಇಲ್ಲಿ ಕೆಂಪು. ನಿಮ್ಮೆದುರಿಗೆ ಸಾಧು. ಮೇಲೆ ಬಂದು ನೋಡಿ."

ಅವಳು ಮೆಟ್ಟಿಲು ಹತ್ತಿದಳು. ಗಂಡಸರ ವಾರ್ಡಿನ ಮೇಜಿನ ಮುಂದೆ ಕೂತು ಅದೇ ಸಂಖ್ಯೆ, ಅದೇ ಔಷಧ ಕೊಟ್ಟಳು. ಹಸಿರು. ಹೊಸ ಎಲೆಯ ಹಾಗೆ ತಣ್ಣಗೆ, ಕಣ್ಣಿಗೆ ಹಿತವಾಗಿ. ಆ ಬಣ್ಣವನ್ನು ನಾಲ್ಕು ದಿನ ಕೂತು ಆರಿಸಿದವಳೂ ಅವಳೇ.

"ತಾತನ ವಿವರ ಯಾರೋ ಅಳಿಸಿರಬೇಕು," ಎಂದಳು. ತಪ್ಪು ಬೇರೆ ಯಾರದೋ ಆಗಿರಲಿ ಎಂಬ ಆಸೆ ಅವಳದು. ಓಡುತ್ತಿದ್ದ ಪ್ರೋಗ್ರಾಮಿನ ಒಳಗೆ ಇಣುಕಿ, 'ಆಗದ ಔಷಧಗಳು' ಎಂಬ ಕೋಷ್ಟಕವನ್ನು ಮೊದಲ ಸಾಲಿನಿಂದ ಕೊನೆಯವರೆಗೂ ಪರದೆಯ ಮೇಲೆ ಸುರಿಸಿದಳು. ಅರವತ್ತೊಂದನೆಯ ಸಾಲಿನಲ್ಲಿ ತಾತ ಇದ್ದ. ಹೆಸರು, ವಯಸ್ಸು, ಪಕ್ಕದಲ್ಲೇ ಪೆನಿಸಿಲಿನ್. ಯಾರೂ ಏನೂ ಅಳಿಸಿರಲಿಲ್ಲ.

ಆಮೇಲೆ ಅದೇ ಕೋಷ್ಟಕವನ್ನು ಕೇಳಿದಳು: ಈ ಮನುಷ್ಯ ನಿನ್ನಲ್ಲಿ ಇದ್ದಾನಾ?

ಇಲ್ಲ, ಎಂದಿತು.

ಮತ್ತೆ ಓದಿದಳು: ಇದ್ದಾನೆ. ಮತ್ತೆ ಕೇಳಿದಳು: ಇಲ್ಲ. ಮೂರನೆಯ ಸಲವೂ ಅದೇ. ತಪ್ಪು ಉತ್ತರಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಎದುರಿಗೆ ಕೂತ ಮನುಷ್ಯನನ್ನು ನೋಡುತ್ತಲೇ, ಮುಖದ ಒಂದು ಗೆರೆಯನ್ನೂ ಅಲುಗಿಸದೆ 'ಇಲ್ಲಿ ಯಾರೂ ಇಲ್ಲ' ಅನ್ನುವ ಇಂಥದ್ದನ್ನು ನೋಡಿರಲಿಲ್ಲ.

"ಏನಮ್ಮ ಅದು?" ದೊಡ್ಡ ಸಿಸ್ಟರ್ ಬಗ್ಗಿ ನೋಡಿದರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತಲ್ಲ."

ಅಷ್ಟರಲ್ಲಿ ವಾರ್ಡಿನ ಆ ತುದಿಯಿಂದ ದೊಡ್ಡದಾಗಿ ಅಳು ಕೇಳಿಸಿತು. ಕೈಯಲ್ಲಿ ಫ್ಲಾಸ್ಕು ಹಿಡಿದ ಒಬ್ಬ ಧಡೂತಿ ಮನುಷ್ಯ, ಹಾಸಿಗೆ ಬಟ್ಟೆ ತೆಗೆದ ಖಾಲಿ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತು, "ಅಣ್ಣಾ, ಬೆಳಿಗ್ಗೆ ಚೆನ್ನಾಗಿದ್ದೆಯಲ್ಲೋ, ಕಾಫಿ ತಾ ಅಂದ್ಯಲ್ಲೋ" ಎಂದು ಹಲುಬುತ್ತಿದ್ದ. ಆಯಾ ಓಡಿದಳು.

"ಏಯ್, ಎದ್ದೇಳಪ್ಪ! ನಿಮ್ಮಣ್ಣಂಗೆ ಏನೂ ಆಗಿಲ್ಲ. ಅಲ್ಲೊಬ್ರು ಇಲ್ಲೊಬ್ರು ಇದ್ರು, ಮಧ್ಯ ಮಧ್ಯ ಮಂಚ ಖಾಲಿ. ಎಲ್ಲರನ್ನೂ ಒತ್ತರಿಸಿ ಆ ಕಡೆ ಹಾಕಿದ್ದೀವಿ. ಅಲ್ಲಿ ಕೂತು ಪೇಪರ್ ಓದ್ತಿದ್ದಾನೆ ನೋಡು ಮಹಾರಾಯ."

ಆ ಮನುಷ್ಯ ಕಣ್ಣೊರೆಸಿಕೊಂಡು ಸಿಟ್ಟಿನಿಂದ ಎದ್ದ. "ಮತ್ತೆ ನನಗೆ ಯಾರು ಹೇಳಿದ್ರು? ಹದಿನೇಳನೇ ಮಂಚ ಅಂದಿದ್ರಿ, ಹದಿನೇಳಕ್ಕೆ ಬಂದೆ. ನಂಗೇನು ಕನಸು ಬೀಳುತ್ತಾ?"

ಅಕ್ಕಪಕ್ಕದ ರೋಗಿಗಳು ನಕ್ಕರು. ಪೇಪರ್ ಓದುತ್ತಿದ್ದ ಅಣ್ಣನೂ ನಕ್ಕ. ಪರದೆಯ ಮುಂದೆ ಕೂತಿದ್ದವಳು ಮಾತ್ರ ಆ ಖಾಲಿ ಮಂಚವನ್ನೇ ನೋಡುತ್ತಿದ್ದಳು.

ಆರು ವಾರದ ಹಿಂದಿನ ಮಾತು. ಮಧ್ಯಾಹ್ನದ ಹೊತ್ತಿಗೆ ವಾರ್ಡುಗಳ ಪರದೆಗಳೆಲ್ಲ ಹಟ ಹಿಡಿದ ಎತ್ತಿನ ಹಾಗೆ ನಿಂತುಬಿಡುತ್ತಿದ್ದವು. ಬೆಳಿಗ್ಗೆಯಿಂದ ಬಂದವರು, ಹೋದವರು, ಮುಗಿದ ಲೆಕ್ಕ, ಹರಿದ ಚೀಟಿ—ಯಂತ್ರದ ನೆನಪಿನಲ್ಲಿ, ಅಂದರೆ ಅದರ ಮೆಮೊರಿಯಲ್ಲಿ, ಬೇಡದ್ದನ್ನು ಎಸೆದ ಮೇಲೂ ಅಲ್ಲಲ್ಲಿ ಚೂರುಪಾರು ತೂತು ಉಳಿಯುತ್ತಿದ್ದವು, ಹೊಸಬರನ್ನು ಕೂರಿಸುವಷ್ಟು ಅಗಲದ ಜಾಗ ಒಂದೇ ಕಡೆ ಸಿಗುತ್ತಿರಲಿಲ್ಲ. ಮೇಷ್ಟ್ರು ತಮ್ಮ ಭಾಷೆಗೆ ಹೊಸ ಸೌಕರ್ಯ ಸೇರಿಸಿಕೊಟ್ಟರು. ನೆನಪು ತುಂಬುತ್ತಿದ್ದ ಹಾಗೆ ಅದು ಬಸ್ಸಿನ ಕಂಡಕ್ಟರನಂತೆ ಎಲ್ಲರನ್ನೂ ಒತ್ತರಿಸಿ ಕೂರಿಸುತ್ತದೆ. ಅವಳು ಅದನ್ನು ತಂದು ಹಾಕಿದಳು, ಪರದೆಗಳು ನಿಲ್ಲುವುದು ನಿಂತಿತು, ಮೇಲಿನವರಿಂದ ಮೆಚ್ಚುಗೆಯ ಪತ್ರವೂ ಬಂತು.

ಆದರೆ ಅವಳ ಕೋಷ್ಟಕ? ಬೇಗ ಉತ್ತರ ಕೊಡಲಿ ಎಂದು ಅವಳು ಎರಡು ವರ್ಷದ ಹಿಂದೆ ಒಂದು ಜಾಣತನ ಮಾಡಿದ್ದಳು. ರೋಗಿಯ ವಿವರ ನೆನಪಿನಲ್ಲಿ ಯಾವ ಜಾಗದಲ್ಲಿ ಕೂತಿದೆಯೋ, ಆ ಜಾಗದ ಅಂಕಿಯಿಂದಲೇ ಕೋಷ್ಟಕದಲ್ಲಿ ಅವರ ಖಾನೆ ಯಾವುದೆಂದು ಲೆಕ್ಕ ಹಾಕುವುದು. ಆಗ ಒಮ್ಮೆ ಕೂತವರು ಏಳುತ್ತಿರಲಿಲ್ಲ, ಲೆಕ್ಕ ತಪ್ಪುತ್ತಿರಲಿಲ್ಲ. ಈಗ ಏಳುತ್ತಾರೆ. ಹೊಸ ಜಾಗದ ಅಂಕಿ ಹಿಡಿದು ಹುಡುಕಿದರೆ ಲೆಕ್ಕ ಬೇರೆ ಯಾವುದೋ ಖಾನೆಗೆ ಕರೆದುಕೊಂಡು ಹೋಗುತ್ತದೆ. ಆ ಖಾನೆ ಖಾಲಿ. ಹಳೆಯ ಖಾನೆಯಲ್ಲಿ ತಾತ ತನ್ನ ಪೆನಿಸಿಲಿನ್ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾನೆ. ಅವಳ ಮೇಜಿನ ಯಂತ್ರಕ್ಕೆ ಜನಸಂದಣಿಯೇ ಇಲ್ಲ, ನೆನಪು ತುಂಬುವುದೇ ಇಲ್ಲ. ಅದಕ್ಕೇ ಅಲ್ಲಿ ಯಾವಾಗಲೂ ಕೆಂಪು.

ಅವಳು ಮೆಟ್ಟಿಲ ಬಳಿ ಹೋಗಿ ಮೇಷ್ಟ್ರಿಗೆ ಫೋನು ಮಾಡಿದಳು.

"ಮೇಷ್ಟ್ರೇ, ಒತ್ತರಿಸಿದಾಗ ಜಾಗ ಬದಲಾಗುತ್ತಲ್ಲ, ಅದನ್ನ ಕೋಷ್ಟಕಕ್ಕೆ ಯಾರು ಹೇಳ್ತಾರೆ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಜಾಗದ ಅಂಕಿ ಮೇಲೆ ಕಟ್ಟಿದ್ದೀಯಾ?"

"ಹೂಂ."

"ಅಯ್ಯೋ ಮಗಳೇ. ಯಾರೂ ಹೇಳಲ್ಲ. ನೀನು ಹಾಗೆ ಕಟ್ಟಿರಲ್ಲ ಅಂದ್ಕೊಂಡೆ ನಾನು."

"ನೀವು ಹೇಳೋ ವ್ಯವಸ್ಥೆ ಮಾಡಿರ್ತೀರಿ ಅಂದ್ಕೊಂಡೆ ನಾನು."

ಆಮೇಲೆ ಮೇಷ್ಟ್ರು ದನಿ ತಗ್ಗಿಸಿ, "ಈಗೊಂದ್ಸಲ ಯಂತ್ರ ಆರಿಸಿ ಮತ್ತೆ ಹಾಕು. ಕೋಷ್ಟಕ ಹೊಸದಾಗಿ ಕಟ್ಟಿಕೊಳ್ಳುತ್ತೆ, ಎಲ್ಲಾ ಸರಿಹೋಗುತ್ತೆ. ಸಂಜೆಯೊಳಗೆ ನಾನು ಈ ಕಡೆಯಿಂದ ರಿಪೇರಿ ಮಾಡ್ತೀನಿ," ಎಂದರು. "ಯಾರಿಗೂ ಗೊತ್ತಾಗಲ್ಲ," ಎಂದೂ ಸೇರಿಸಿದರು.

"ಆರು ವಾರ ಆಯ್ತು ಮೇಷ್ಟ್ರೇ."

ಅವಳು ಫೋನು ಇಟ್ಟಳು.

ಗಡಿಯಾರ ಒಂದು ಇಪ್ಪತ್ತು ತೋರಿಸುತ್ತಿತ್ತು. ಎರಡು ಗಂಟೆಗೆ ಎಲ್ಲ ವಾರ್ಡುಗಳಲ್ಲೂ ಮಧ್ಯಾಹ್ನದ ಸೂಜಿಯ ಸರದಿ. ಆರಿಸಿ ಹಾಕುವುದಕ್ಕೆ ಎರಡು ನಿಮಿಷ ಸಾಕು. ಪರದೆ ಕೆಂಪಾಗುತ್ತದೆ, 'ನೋಡಿ ಸಿಸ್ಟರ್, ಏನೋ ಒಂದು ಗಳಿಗೆ ಕೆಟ್ಟಿತ್ತು' ಎನ್ನಬಹುದು, ಕೆಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಹೀಗೆ ಯೋಚಿಸುತ್ತಿರುವವಳು ತಾನೇ ಎಂದು ಗೊತ್ತಾದಾಗ ಪರದೆಗಿಂತ ಹೆಚ್ಚಾಗಿ ತನ್ನ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು.

ದೊಡ್ಡ ಸಿಸ್ಟರ್ ಬಳಿಗೆ ನಡೆದು ಹೋಗಿ ಹೇಳಿಬಿಟ್ಟಳು. ಹಾಸಿಗೆ ಬದಲಾಯಿಸಿದ್ದನ್ನೇ ಹೋಲಿಸಿ ಹೇಳಿದ್ದರಿಂದ ಅವರಿಗೆ ತಡವಿಲ್ಲದೆ ಅರ್ಥವಾಯಿತು.

"ಅದು ಸರಿ. ಜಾಗ ಬದಲಾಯ್ತು, ಸಿಗಲಿಲ್ಲ. ಸಿಗಲಿಲ್ಲ ಅಂದ್ರೆ ಸಿಗಲಿಲ್ಲ ಅನ್ಬೇಕಿತ್ತು. ಕೊಡಿ, ಪರವಾಗಿಲ್ಲ ಅಂತ ಯಾಕಂತು?"

ಅವಳು ನೆಲ ನೋಡಿದಳು. "ನಾನೇ ಹಾಗೆ ಬರೆದಿದ್ದೆ ಸಿಸ್ಟರ್. ಕೋಷ್ಟಕದಲ್ಲಿ ಇಲ್ಲ ಅಂದ್ರೆ ಹಸಿರು ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಿರುಗಿ ನಿಂತು, ಮೂರು ವಾರ್ಡಿಗೂ ಕೇಳಿಸುವ ಹಾಗೆ ಕೂಗಿದರು: "ಎಲ್ಲಾ ಪರದೆ ಆರಿಸ್ರೇ! ಫೈಲು ತೆಗೀರಿ. ಒಬ್ಬೊಬ್ಬರ ಹತ್ರ ಹೋಗಿ ಬಾಯಲ್ಲಿ ಕೇಳಿ, ಯಾವುದು ಆಗಲ್ಲ ಅಂತ. ನಿದ್ದೆ ಮಾಡ್ತಿದ್ರೆ ಎಬ್ಬಿಸಿ ಕೇಳಿ. ಮೊದಲು ಹೇಗೆ ಕೇಳ್ತಿದ್ರೋ ಹಾಗೆ."

ಮೊದಲು ಹಾಗೇ ಕೇಳುತ್ತಿದ್ದರು. ಪ್ರತಿ ಸೂಜಿಗೂ ಕೇಳುತ್ತಿದ್ದರು. 'ಯಂತ್ರ ನೋಡುವುದರಿಂದ ಇನ್ನು ಮುಂದೆ ರೋಗಿಗಳನ್ನು ಪದೇ ಪದೇ ಕೇಳಿ ತೊಂದರೆ ಕೊಡಬೇಕಾಗಿಲ್ಲ' ಎಂಬ ಸೂಚನೆ ಈಗಲೂ ಮೇಜಿನ ಗಾಜಿನ ಕೆಳಗಿತ್ತು. ಅದನ್ನು ಬರೆದು ಅಂಟಿಸಿದವಳೂ ಅವಳೇ.

ಪ್ರತಿಯೊಂದು ಪ್ರಶ್ನೆ, ಪ್ರತಿಯೊಂದು ಉತ್ತರ ದಾಖಲೆಯಲ್ಲಿ ಉಳಿದಿತ್ತು. ಅವಳು ತನ್ನ ಮುಂದಿನ ಪರದೆಯೊಂದನ್ನು ಮಾತ್ರ ಆರಿಸದೆ ಉಳಿಸಿಕೊಂಡು, ಆರು ವಾರದ ಹಸಿರುಗಳನ್ನೆಲ್ಲ ಮೂಲ ಪಟ್ಟಿಯ ಜೊತೆ ಸಾಲುಸಾಲಾಗಿ ಹೋಲಿಸಿ, ತಪ್ಪಿದ್ದನ್ನು ಮಾತ್ರ ತೋರಿಸು ಎಂದು ನಾಲ್ಕು ಸಾಲು ಬರೆದಳು. ಒಂದೂ ಬಾರದಿರಲಿ, ಒಂದೂ ಬಾರದಿರಲಿ ಎಂದು ತುಟಿಯಲ್ಲೇ ಅಂದುಕೊಂಡಳು. ಒಂದು ಬಂತು. ಎರಡು. ಆಮೇಲೆ ಬಿಡುವು ಕೊಟ್ಟು ಮೂರು ಒಟ್ಟಿಗೆ. ಹನ್ನೊಂದಕ್ಕೆ ನಿಂತಿತು.

ದೊಡ್ಡ ಸಿಸ್ಟರ್ ಫೈಲುಗಳನ್ನು ತಂದು ಮೇಜಿನ ಮೇಲೆ ಕೆಡವಿದರು. ಒಂದು ಡ್ರೈವರ್ ತಾತನದು. ಒಂಬತ್ತು ಹಳೆಯವು. ಕೆಲವರಿಗೆ ಡಾಕ್ಟರೇ ಕೊನೆಯ ಗಳಿಗೆಯಲ್ಲಿ ಔಷಧ ಬದಲಾಯಿಸಿದ್ದರು. ಇಬ್ಬರಿಗೆ ಮೈತುಂಬ ದದ್ದೆದ್ದಿತ್ತು, ಸೆಖೆಗೆ ಅಂತ ಪೌಡರ್ ಹಚ್ಚಿ ಕಳಿಸಿದ್ದರು. ಒಂಬತ್ತೂ ಜನ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೋಗಿದ್ದರು.

"ಇದು?" ಸಿಸ್ಟರ್ ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟರು.

ಹೆಂಗಸರ ವಾರ್ಡು. ಇವತ್ತು. ಹನ್ನೆರಡು ಐವತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಕೊಡಲಾಗಿದೆ.

ಇಬ್ಬರೂ ಓಡಿದರು.

ಆ ಸಾಲಿನ ರೋಗಿ, ಒಬ್ಬ ಟೈಲರ್ ಹೆಂಗಸು, ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಐವತ್ತರ ಆಸುಪಾಸು, ಕಾಲಿನ ಗಾಯ ಕೀವಾಗಿ ಬಂದವಳು. ಪಕ್ಕದ ಮಂಚದವಳ ನೈಟಿಯ ಹೊಲಿಗೆ ಹೇಗೆ ಸೊಟ್ಟ ಎಂದು ವಿವರಿಸುತ್ತ ಕತ್ತು ಕೆರೆದುಕೊಳ್ಳುತ್ತಿದ್ದಳು. ಕತ್ತಿನ ಎಡಗಡೆ ಅಂಗೈಯಗಲ ಕೆಂಪಾಗಿತ್ತು.

ಡಾಕ್ಟರು ಬಂದು ನಾಲಿಗೆ ನೋಡಿದರು, ಎದೆಗೆ ಕಿವಿಗೊಟ್ಟರು, ಒಂದು ಇಂಜೆಕ್ಷನ್ ಚುಚ್ಚಿದರು, ಇನ್ನೊಂದನ್ನು ತುಂಬಿಸಿ ತಲೆಯ ಬಳಿ ಟ್ರೇಯಲ್ಲಿ ಸಿದ್ಧವಾಗಿಟ್ಟರು. ಹೊರಗೆ ಬಂದು ಮೆಲ್ಲಗೆ ಹೇಳಿದರು: "ಈಗ ಚರ್ಮದಲ್ಲಷ್ಟೇ ಇದೆ. ಅಲ್ಲೇ ನಿಂತರೂ ನಿಲ್ಲಬಹುದು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೂ ಕಟ್ಟಬಹುದು. ಸಂಜೆವರೆಗೆ ಒಬ್ಬರು ಕಣ್ಣು ತೆಗೀದೆ ಕೂತಿರಬೇಕು."

ಸಿಸ್ಟರುಗಳೆಲ್ಲ ಮಂಚದಿಂದ ಮಂಚಕ್ಕೆ ಕೇಳುತ್ತ ಓಡಾಡುತ್ತಿದ್ದರು. ದೊಡ್ಡ ಸಿಸ್ಟರ್ ಕಂಪ್ಯೂಟರಮ್ಮನ ಮುಖ ನೋಡಿದರು.

"ಉಸಿರು ಎಣಿಸೋಕೆ ಬರುತ್ತಲ್ಲ? ನಿಮಿಷಕ್ಕೆ ಎಷ್ಟು ಅಂತ ಬರೀತಾ ಹೋಗಿ. ಏರಿದ್ರೆ, ಸೀಟಿ ಹೊಡೆದ ಹಾಗೆ ಸದ್ದು ಬಂದ್ರೆ, ತುಟಿ ಊದಿದ್ರೆ, ಜೋರಾಗಿ ಕಿರುಚಿ. ಮರ್ಯಾದೆ ನೋಡ್ಬೇಡಿ."

ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಣಿಸತೊಡಗಿದಳು. ಹದಿನೆಂಟು. ಹದಿನೆಂಟು. ಹತ್ತೊಂಬತ್ತು.

"ನೀವು ಹೊಸ ಸಿಸ್ಟರಾ?" ಟೈಲರ್ ಕೇಳಿದಳು. "ಬಟ್ಟೆ ನೋಡಿದ್ರೆ ಹಾಗನ್ಸಲ್ಲ. ಯಾಕಮ್ಮಾ ಹೀಗೆ ನೋಡ್ತೀರಾ, ಸಾಲ ಕೊಟ್ಟೋರ ಹಾಗೆ?"

"ನಾನು ಸಿಸ್ಟರ್ ಅಲ್ಲಕ್ಕ. ಆ ಪರದೆ ಇದೆಯಲ್ಲ, ಹಸಿರು ಕೆಂಪು ತೋರಿಸೋದು. ಅದನ್ನ ಮಾಡಿದವಳು."

"ಓ, ನೀವಾ! ಜಾಣೆ ಬಿಡಿ."

"ಅಕ್ಕ, ನಿಮಗೆ ಆಗದ ಔಷಧ ಕೊಟ್ಟಿದ್ದಾರೆ. ಸಿಸ್ಟರ್ ತಪ್ಪಲ್ಲ. ಪರದೆ ತಪ್ಪು ಹೇಳಿತು. ನಿಮ್ಮ ಹೆಸರು ಅದರಲ್ಲಿತ್ತು. ಇದ್ದೂ ಇಲ್ಲ ಅಂತು. ತಪ್ಪು ನನ್ನದು."

ಟೈಲರ್ ಕತ್ತು ಕೆರೆಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಅವಳ ಕಣ್ಣಿನೊಳಗೆ ಹೆದರಿಕೆ ಬಂದು ಕೂತದ್ದು ಎದುರಿಗಿದ್ದವಳಿಗೆ ಕಾಣಿಸಿತು. ಇಪ್ಪತ್ತೆರಡು.

"ನಾನು ಕೇಳ್ದೆ," ಎಂದಳು ಕೊನೆಗೆ. "ಯಾವ ಸೂಜಿ ಇದು, ನಂಗೆ ಒಂದು ಆಗಲ್ಲ ಕಣಮ್ಮ ಅಂದೆ. ಯಂತ್ರ ನೋಡಿದ್ದೀವಿ, ಹಸಿರು ಬಂದಿದೆ ಅಂದ್ಲು ಹುಡುಗಿ. ಯಂತ್ರಾನೇ ಹೇಳಿದ ಮೇಲೆ ನಾನ್ಯಾರು ಅಂತ ತೋಳು ಕೊಟ್ಟೆ."

"ಹೂಂ ಅಕ್ಕ."

"ನಂದೂ ಒಂದು ಪುಸ್ತಕ ಇದೆ, ಅಂಗಡೀಲಿ. ಎಲ್ಲರ ಅಳತೆ ಬರ್ದಿರ್ತೀನಿ. ಒಂದೊಂದ್ಸಲ ಪುಟ ಸಿಗಲ್ಲ. ಸಿಗಲಿಲ್ಲ ಅಂತ, ಇವಳಿಗೆ ಸೊಂಟಾನೇ ಇಲ್ಲ ಅಂದ್ಕೊಂಡು ಬಟ್ಟೆ ಕತ್ತರಿಸ್ತೀನಾ?"

"ಇಲ್ಲಕ್ಕ," ಎಂದಳು.

"ಮತ್ತೆ?"

ಉತ್ತರಕ್ಕೆ ಕಾಯದೆ ಟೈಲರ್ ಕೈ ಚಾಚಿದಳು. "ಆ ಹಾಳೆ ಒಂದು ಹರ್ಕೊಡಿ. ಪೆನ್ನೂ ಕೊಡಿ. ನನ್ನ ಚೀಲದ ಜೇಬಲ್ಲಿ ಪಿನ್ನು ಇರುತ್ತೆ, ತೆಗೀರಿ."

ಉಸಿರಿನ ಲೆಕ್ಕ ಬರೆಯುತ್ತಿದ್ದ ಪುಸ್ತಕದಿಂದ ಅವಳು ಒಂದು ಹಾಳೆ ಹರಿದುಕೊಟ್ಟಳು. ಅಂಗಡಿಯಲ್ಲಿ ಮಾಡುವ ಹಾಗೆ ಪಿನ್ನನ್ನು ತುಟಿಗಳ ನಡುವೆ ಕಚ್ಚಿಕೊಂಡು, ಮೊಳಕಾಲ ಮೇಲೆ ಹಾಳೆಯಿಟ್ಟು, ಟೈಲರ್ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು: ನನಗೆ ಪೆನಿಸಿಲಿನ್ ಆಗಲ್ಲ. ಬರೆದದ್ದನ್ನು ದೂರ ಹಿಡಿದು ನೋಡಿ, 'ಆಗಲ್ಲ' ಎಂಬುದರ ಕೆಳಗೆ ಗೆರೆ ಎಳೆದಳು. ಹಾಳೆಯ ಅಂಚನ್ನು ನೀಟಾಗಿ ಮಡಿಸಿ, ಆಸ್ಪತ್ರೆಯ ಅಂಗಿಯ ಎದೆಯ ಮೇಲೆ ಸೊಟ್ಟವಾಗದ ಹಾಗೆ ಚುಚ್ಚಿಕೊಂಡಳು.

"ಮಲಗ್ತೀನಿ," ಎಂದಳು. "ನೀವು ಹೋಗ್ಬೇಡಿ."

"ಇಲ್ಲಕ್ಕ."

ಟೈಲರ್ ಕಣ್ಣು ಮುಚ್ಚಿದಳು. ಕೆಂಪು ಈಗ ಕತ್ತಿನಿಂದ ಕಿವಿಯ ಹಿಂಭಾಗದವರೆಗೂ ಹೋಗಿತ್ತು. ಅಲ್ಲಿಂದ ಮುಂದೆ ಹೋಗುತ್ತಿದೆಯೋ ಅಲ್ಲೇ ನಿಂತಿದೆಯೋ ಹೇಳುವುದು ಕಷ್ಟವಾಗಿತ್ತು. ಆಚೆ ವಾರ್ಡಿನಲ್ಲಿ ಸಿಸ್ಟರೊಬ್ಬಳು ಯಾರನ್ನೋ ಎಬ್ಬಿಸಿ, ಯಾವುದು ಆಗಲ್ಲ, ಯಾವುದು ಆಗಲ್ಲ ಎಂದು ಜೋರಾಗಿ ಕೇಳುತ್ತಿದ್ದಳು. ಸ್ಟೂಲಿನ ಮೇಲಿನವಳು ಮುಂದಕ್ಕೆ ಬಾಗಿ, ಗಡಿಯಾರವನ್ನೂ ಟೈಲರ್ ಎದೆಯ ಮೇಲಿನ ಚೀಟಿಯನ್ನೂ ಒಟ್ಟಿಗೆ ನೋಡತೊಡಗಿದಳು. ಚೀಟಿ ಏರಿತು. ಇಳಿಯಿತು. ಅವಳು ಕಾದಳು. ಮತ್ತೆ ಏರಿತು.